ಆಚರಣೆ, ಅನಿಷ್ಟ ಮತ್ತು ಅಧಿನಿಯಮ: ಗೋಳಗುಮ್ಮಟ ಪ್ರದೇಶದ ಜನಪದ ಆಚರಣೆಗಳು ಹಾಗೂ ಕಾನೂನು ವಿದ್ವತ್ತು

ಪ್ರವೇಶ

ಜನಪದರ ಬದುಕಿನಲ್ಲಿ ನಂಬಿಕೆ ಮತ್ತು ಆಚರಣೆಗಳು ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಜಾನಪದ ವಿದ್ವಾಂಸನು ಇವುಗಳನ್ನು ವಿವರಿಸುತ್ತಾನೆ, ವರ್ಗೀಕರಿಸುತ್ತಾನೆ, ಅವುಗಳ ಹಿಂದಿನ ಅರ್ಥವನ್ನು ಅರಸುತ್ತಾನೆ. ಕಾನೂನು ವಿದ್ವಾಂಸನ ಕೆಲಸ ಇದಕ್ಕಿಂತ ಭಿನ್ನವಾದುದು. ಯಾವ ಆಚರಣೆಯನ್ನು ಪ್ರಭುತ್ವವು ತಡೆಯಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂಬ ಗೆರೆಯನ್ನು ಅವನು ಎಳೆಯಬೇಕಾಗುತ್ತದೆ. ಈ ಎರಡು ಶಿಸ್ತುಗಳು ಕರ್ನಾಟಕದಲ್ಲಿ ಮುಖಾಮುಖಿಯಾದ ಮಹತ್ವದ ಸಂದರ್ಭವೆಂದರೆ 2013ರಿಂದ 2020ರವರೆಗೆ ನಡೆದ ಮೂಢನಂಬಿಕೆ ಪ್ರತಿಬಂಧಕ ಕಾಯ್ದೆಯ ರಚನೆ. ಕಾನೂನು ಶಾಲೆಯೊಂದರ ಅಧ್ಯಾಪಕ ವಲಯದಲ್ಲಿ ಹುಟ್ಟಿದ ಕರಡು ಶಾಸನವಾಗಿ ರೂಪುಗೊಂಡ ಬಗೆಯನ್ನೂ, ಆ ಶಾಸನವು ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಪರಿಸರದಂಥ ಗೋಳಗುಮ್ಮಟ ಪ್ರದೇಶದ ಜನಪದ ಆಚರಣೆಗಳೊಡನೆ ಎಲ್ಲಿ ಸಂಧಿಸುತ್ತದೆ ಎಂಬುದನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕರಡಿನ ಹಿನ್ನೆಲೆ

ವಿಶ್ವವಿದ್ಯಾಲಯಗಳು ಜನರ ನಂಬಿಕೆಗಳನ್ನು ಪರೀಕ್ಷೆಗೆ ಒಡ್ಡುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಅದೇ ವರ್ಷ ಸಂವಿಧಾನದ 42ನೆಯ ತಿದ್ದುಪಡಿಯ ಮೂಲಕ ಸೇರಿದ 51ಎ ಅನುಚ್ಛೇದವು ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರಿತು. 1986ರಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯ ಸಂದರ್ಭದಲ್ಲಿ ನಡೆದ ಘಟನೆಗಳು ಮತ್ತು ಆ ಬಳಿಕ ಬಂದ ನಿಷೇಧವು ಆಚರಣೆ ಹಾಗೂ ಕಾನೂನಿನ ಸಂಬಂಧವನ್ನು ಸಾರ್ವಜನಿಕ ಚರ್ಚೆಯ ಮುನ್ನೆಲೆಗೆ ತಂದವು.

ಬೆಂಗಳೂರಿನ ಭಾರತೀಯ ರಾಷ್ಟ್ರೀಯ ಕಾನೂನು ಶಾಲೆಯ ಪಾತ್ರ ಈ ಪರಂಪರೆಯ ಮುಂದುವರಿಕೆಯಾಗಿದೆ. ವಕೀಲರನ್ನು ತಯಾರು ಮಾಡುವುದರ ಜೊತೆಗೆ ಸಾರ್ವಜನಿಕ ನೀತಿಯ ರಚನೆಯಲ್ಲಿ ಭಾಗಿಯಾಗುವುದೂ ಈ ಬಗೆಯ ಸಂಸ್ಥೆಗಳ ಆಶಯವಾಗಿತ್ತು. ಶಾಲೆಯ ಸಾಮಾಜಿಕ ಬಹಿಷ್ಕಾರ ಮತ್ತು ಒಳಗೊಳ್ಳುವ ನೀತಿಗಳ ಅಧ್ಯಯನ ಕೇಂದ್ರವು ಮೂಢನಂಬಿಕೆ ಆಚರಣೆಗಳ ಪ್ರತಿಬಂಧಕ ವಿಧೇಯಕದ ಕರಡನ್ನು ಸಿದ್ಧಪಡಿಸಿ 2013ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ಧರಾಮಯ್ಯನವರಿಗೆ ಸಲ್ಲಿಸಿತು. ಜಾತಿಯ ಕಾರಣದಿಂದ ಹೊರಗುಳಿದವರನ್ನು ಕುರಿತು ಅಧ್ಯಯನ ನಡೆಸುವ ಕೇಂದ್ರವೇ ಈ ಕರಡನ್ನು ರೂಪಿಸಿತೆಂಬುದು ಗಮನಾರ್ಹ. ಅನಿಷ್ಟ ಆಚರಣೆಗಳಲ್ಲಿ ದೇಹವನ್ನು ಒಡ್ಡಿಕೊಳ್ಳುವವರು ಬಹುಮಟ್ಟಿಗೆ ತಳಸಮುದಾಯದವರು ಮತ್ತು ಮಹಿಳೆಯರು ಎಂಬ ತಿಳಿವಳಿಕೆ ಇದರ ಹಿಂದೆ ಇದ್ದಿತು.

ನೆರೆಯ ಮಹಾರಾಷ್ಟ್ರದ ಬೆಳವಣಿಗೆಗಳೂ ಇಲ್ಲಿ ಪ್ರಸ್ತುತ. ನರೇಂದ್ರ ದಾಭೋಲ್ಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಹತ್ಯೆಗೀಡಾದ ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಮಾನವೀಯ ಆಚರಣೆ ಹಾಗೂ ವಾಮಾಚಾರ ನಿರ್ಮೂಲನೆಯ ಕಾಯ್ದೆಯನ್ನು ಅಂಗೀಕರಿಸಿತು. ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ ಗಡಿಗೆ ಹೊಂದಿಕೊಂಡ ವಿಜಯಪುರ ಸೀಮೆಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಇಲ್ಲಿನ ಹಾಲುಮತದ ಭಕ್ತರು ದೀಪಾವಳಿಯಲ್ಲಿ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯ ಮಾಳಿಂಗರಾಯನ ಜಾತ್ರೆಗೆ ಹೋಗಿಬರುತ್ತಾರೆ. ಡೊಳ್ಳು, ಹಾಡು, ಹರಕೆಗಳಿಗೆ ರಾಜ್ಯಗಳ ಗಡಿಯಿಲ್ಲ. ಕಾನೂನಿಗೆ ಅದು ಇದೆ.

ಕರ್ನಾಟಕದ ಕರಡು ತೀವ್ರ ಚರ್ಚೆಗೆ ಒಳಗಾಯಿತು. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನಲ್ಲಿ 1938ರಲ್ಲಿ ಜನಿಸಿದ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರು ಇದೇ ವಿಷಯ ಕುರಿತು 2014ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಮಾತನಾಡಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಅವರ ಹತ್ಯೆಯಾಯಿತು. ನಂಬಿಕೆಯನ್ನು ಕುರಿತ ವಿದ್ವತ್ ಚರ್ಚೆ ಎಂಥ ವಾತಾವರಣದಲ್ಲಿ ನಡೆಯಿತೆಂಬುದನ್ನು ಈ ನೆನಪು ಸೂಚಿಸುತ್ತದೆ.

‘ಮೂಢನಂಬಿಕೆ’ಯಿಂದ ‘ಅಮಾನವೀಯ’ದೆಡೆಗೆ

2013ರ ಕರಡಿಗೂ 2017ರ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರಗೊಂಡ ವಿಧೇಯಕಕ್ಕೂ ಇರುವ ಮುಖ್ಯ ವ್ಯತ್ಯಾಸ ಹೆಸರಿನಲ್ಲಿಯೇ ಇದೆ. ಮೊದಲಿನದು ಮೂಢನಂಬಿಕೆ ಆಚರಣೆಗಳನ್ನು ಕುರಿತದ್ದು. ಎರಡನೆಯದು ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ಕುರಿತದ್ದು. ಇದು ಕೇವಲ ಪದಗಳ ಬದಲಾವಣೆಯಲ್ಲ. ಒಬ್ಬನ ನಂಬಿಕೆ ಇನ್ನೊಬ್ಬನಿಗೆ ಮೂಢನಂಬಿಕೆಯಾಗಿ ಕಾಣಬಹುದು. ಮೂಢತನವನ್ನು ಅಳೆಯುವ ಮಾನದಂಡ ನ್ಯಾಯಾಲಯದ ಬಳಿ ಇಲ್ಲ. ಆದರೆ ದೇಹಕ್ಕಾಗುವ ಗಾಯ, ಮರ್ಯಾದೆಗೆ ಬರುವ ಕುಂದು, ಹಣದ ಸುಲಿಗೆ ಇವುಗಳಿಗೆ ಸಾಕ್ಷ್ಯ ಒದಗಿಸಬಹುದು. ಹೀಗೆ ಶಾಸನದ ದೃಷ್ಟಿ ನಂಬುವವನ ಮನಸ್ಸಿನಿಂದ ಹಾನಿಗೊಳಗಾಗುವವನ ದೇಹದ ಕಡೆಗೆ ಹೊರಳಿತು. 2020ರ ಜನವರಿಯಲ್ಲಿ ಕಾಯ್ದೆ ಜಾರಿಗೆ ಬಂದಿತು.

ಕಾಯ್ದೆಯ ಅನುಸೂಚಿಯು ನಿಷಿದ್ಧ ಕೃತ್ಯಗಳನ್ನು ಪಟ್ಟಿ ಮಾಡುತ್ತದೆ. ನಿಧಿಯ ಆಸೆಗಾಗಿ ನಡೆಸುವ ಅಮಾನವೀಯ ಕೃತ್ಯಗಳು, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದು, ಹಾವು ಚೇಳು ಕಡಿದಾಗ ವೈದ್ಯಕೀಯ ಚಿಕಿತ್ಸೆಯನ್ನು ತಡೆದು ಮಂತ್ರ ಹಾಕುವುದು, ಭಾನಾಮತಿಯ ಹೆಸರಿನಲ್ಲಿ ನಡೆಯುವ ಕೃತ್ಯಗಳು, ಮುಟ್ಟಾದ ಹಾಗೂ ಗರ್ಭಿಣಿ ಹೆಣ್ಣುಮಕ್ಕಳನ್ನು ಊರಾಚೆ ಇರಿಸುವುದು, ಎಂಜಲೆಲೆಯ ಮೇಲೆ ಉರುಳಾಡಿಸುವುದು, ಬೆತ್ತಲೆ ಸೇವೆ, ಕೆಂಡ ಹಾಯುವಂತೆ ಒತ್ತಾಯಿಸುವುದು, ಬಾಯಿಬೀಗ ಮೊದಲಾದವು ಅದರಲ್ಲಿವೆ. ಅಪರಾಧಕ್ಕೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸ ಹಾಗೂ 5,000ದಿಂದ 50,000 ರೂಪಾಯಿಗಳವರೆಗಿನ ದಂಡವನ್ನು ವಿಧಿಸಬಹುದಾಗಿದೆ. ಇದರೊಂದಿಗೆ ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ, ಪ್ರವಚನ, ಭಜನೆ, ಪಾರಂಪರಿಕ ವಿದ್ಯೆ ಹಾಗೂ ಕಲೆಗಳ ಬೋಧನೆ, ಮಕ್ಕಳ ಕಿವಿ ಮೂಗು ಚುಚ್ಚುವುದು, ಜೈನರ ಕೇಶಲೋಚನ, ವಾಸ್ತು ಹಾಗೂ ಜ್ಯೋತಿಷ್ಯದ ಸಲಹೆ ಇವುಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿರಿಸಲಾಗಿದೆ.

ಹೊಸ ಕಾಯ್ದೆಗೆ ಮೊದಲು ಕಾನೂನು ಬರಿಗೈಯಲ್ಲಿತ್ತೆಂದು ತಿಳಿಯಬಾರದು. ದೈವದ ಕೋಪಕ್ಕೆ ಗುರಿಯಾಗುವೆ ಎಂದು ನಂಬಿಸಿ ಒಬ್ಬನಿಂದ ಕೆಲಸ ಮಾಡಿಸುವುದು 1860ರ ಭಾರತೀಯ ದಂಡ ಸಂಹಿತೆಯ 508ನೆಯ ಕಲಮಿನ ಅಡಿಯಲ್ಲಿ ಅಪರಾಧವಾಗಿದ್ದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 354ನೆಯ ಕಲಮಾಗಿ ಮುಂದುವರಿದಿದೆ. ಹೊಸ ಕಾಯ್ದೆ ಮಾಡಿದ್ದು ಚದುರಿದ್ದ ಕೃತ್ಯಗಳನ್ನು ಹೆಸರಿಟ್ಟು ಒಂದೆಡೆ ತಂದದ್ದು. ಹೆಸರಿಡುವ ಈ ಕ್ರಿಯೆಯೇ ಜಾನಪದ ಅಧ್ಯಯನಕ್ಕೆ ಮುಖ್ಯವಾಗುತ್ತದೆ.

ನ್ಯಾಯಾಲಯದ ಅಳತೆಗೋಲು

ಯಾವ ಆಚರಣೆಗೆ ಸಂವಿಧಾನದ ರಕ್ಷಣೆ ಉಂಟು ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಉತ್ತರವನ್ನು ಅರಸಿತು. ಧರ್ಮದ ಅವಿಭಾಜ್ಯ ಅಂಗ ಯಾವುದೆಂಬುದನ್ನು ಆ ಧರ್ಮದ ತತ್ತ್ವಗಳ ಆಧಾರದಿಂದಲೇ ತಿಳಿಯಬೇಕೆಂಬುದು ಅಲ್ಲಿನ ನಿಲುವು. 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಾಲಯದ ಪ್ರಕರಣದಲ್ಲಿ ನ್ಯಾಯಾಲಯವು ಆಗಮಗಳನ್ನು ಪರಿಶೀಲಿಸಿತು. ಈ ಬಗೆಯ ತೀರ್ಪುಗಳನ್ನು ಕಾನೂನು ಅಧ್ಯಾಪಕರು ದೀರ್ಘಕಾಲ ವಿಮರ್ಶಿಸಿದ್ದಾರೆ. ಲಂಡನ್ನಿನ ಡಂಕನ್ ಡೆರೆಟ್, ಅಮೆರಿಕೆಯ ಮಾರ್ಕ್ ಗ್ಯಾಲಂಟರ್ ಅವರಂಥ ವಿದ್ವಾಂಸರು ಭಾರತೀಯ ನ್ಯಾಯಾಲಯಗಳು ಧರ್ಮವನ್ನು ವ್ಯಾಖ್ಯಾನಿಸುವ ಬಗೆಯನ್ನೇ ಅಧ್ಯಯನದ ವಸ್ತುವಾಗಿಸಿದರು.

ಜಾನಪದದ ನೆಲೆಯಿಂದ ಈ ಅಳತೆಗೋಲಿಗೆ ಒಂದು ಮಿತಿಯಿದೆ. ಅವಿಭಾಜ್ಯ ಅಂಗವನ್ನು ಗುರುತಿಸಲು ಗ್ರಂಥ ಬೇಕು. ಜನಪದ ಧರ್ಮಕ್ಕೆ ಗ್ರಂಥವಿಲ್ಲ. ಅದರ ಪ್ರಮಾಣವಿರುವುದು ಹಾಡಿನಲ್ಲಿ, ಐತಿಹ್ಯದಲ್ಲಿ, ಹಿರಿಯರ ಮಾತಿನಲ್ಲಿ. ಆದುದರಿಂದ ಶಿಷ್ಟರ ಆಚರಣೆಗೆ ದೊರೆಯುವ ಲಿಖಿತ ಆಧಾರ ಜನಪದರ ಆಚರಣೆಗೆ ಸುಲಭವಾಗಿ ದೊರೆಯುವುದಿಲ್ಲ. 25ನೆಯ ಅನುಚ್ಛೇದದ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯ ಎಂಬ ನಿರ್ಬಂಧಗಳು ಎಲ್ಲರಿಗೂ ಸಮಾನ. ರಕ್ಷಣೆ ಕೋರುವ ದಾರಿ ಮಾತ್ರ ಸಮಾನವಲ್ಲ.

ಗೋಳಗುಮ್ಮಟದ ನೆರಳಿನ ಆಚರಣೆಗಳು

1656ರಲ್ಲಿ ನಿಧನನಾದ ಮಹಮ್ಮದ್ ಆದಿಲಶಾಹನ ಸಮಾಧಿಯಾದ ಗೋಳಗುಮ್ಮಟದ ಸುತ್ತಣ ಪ್ರದೇಶವು ಹಲವು ಧರ್ಮಗಳ ಆಚರಣೆಗಳು ಬೆರೆತ ನೆಲ. ಅಲಾವಿ ಹಬ್ಬವೆಂದು ಜನ ಕರೆಯುವ ಮೊಹರಂ ಇದಕ್ಕೆ ಉತ್ತಮ ನಿದರ್ಶನ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಮುಸ್ಲಿಮೇತರರೂ ಅಲಾಯಿ ದೇವರಿಗೆ ಹರಕೆ ಹೊರುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ, ಹೆಜ್ಜೆ ಮೇಳ ಕಟ್ಟುತ್ತಾರೆ, ಅಲಾಯಿ ಕುಣಿಯ ಕೆಂಡ ಹಾಯುತ್ತಾರೆ. ವೀರಭದ್ರನ ಪರಂಪರೆಯಲ್ಲಿ ಪುರವಂತರು ಒಡಪು ಹೇಳುತ್ತ ಕೆನ್ನೆಗೆ ಶಸ್ತ್ರ ಚುಚ್ಚಿಕೊಳ್ಳುತ್ತಾರೆ. ಹಾಲುಮತದ ಜಾತ್ರೆಗಳಲ್ಲಿ ಪೂಜಾರಿಯ ಮೈಮೇಲೆ ದೇವರು ಬಂದು ಮಳೆ ಬೆಳೆಯ ಹೇಳಿಕೆಯಾಗುತ್ತದೆ.

ಈ ಮೂರನ್ನೂ ಕಾಯ್ದೆಯ ಬೆಳಕಿನಲ್ಲಿ ನೋಡಿದಾಗ ಮೂರು ಬೇರೆ ಉತ್ತರಗಳು ದೊರೆಯುತ್ತವೆ. ಕೆಂಡ ಹಾಯುವುದು ತನ್ನಷ್ಟಕ್ಕೆ ನಿಷಿದ್ಧವಲ್ಲ. ಒತ್ತಾಯಿಸಿ ಹಾಯಿಸುವುದು ಅಪರಾಧ. ದವಡೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಲಾಕೆ ಚುಚ್ಚುವ ಪದ್ಧತಿಯಾದರೋ ಅನುಸೂಚಿಯಲ್ಲಿ ಸೇರಿದೆ. ಪುರವಂತರ ಶಸ್ತ್ರಸೇವೆ ಇದರ ತೀರ ಸಮೀಪಕ್ಕೆ ಬರುತ್ತದೆ. ಹೇಳಿಕೆಯ ವಿಷಯದಲ್ಲಿ ನೋಡಬೇಕಾದುದು ಅದರ ಪರಿಣಾಮವನ್ನು. ಊರಿಗೆಲ್ಲ ಕೇಳುವಂತೆ ಮಳೆ ಬೆಳೆಯನ್ನು ನುಡಿಯುವುದು ಬೇರೆ. ಅತಿಮಾನುಷ ಶಕ್ತಿಯಿದೆಯೆಂದು ಹೆದರಿಸಿ ಒಂದು ಕುಟುಂಬದಿಂದ ಹಣ ಕೀಳುವುದು ಬೇರೆ. ಮೊದಲನೆಯದು ಸಮುದಾಯದ ಮಾತು. ಎರಡನೆಯದು ವಂಚನೆ. ಹೊರನೋಟಕ್ಕೆ ಎರಡೂ ಒಂದೇ ವೇಷದಲ್ಲಿರಬಹುದು.

ಹರಕೆ ಮತ್ತು ಸಮ್ಮತಿ

ಇಲ್ಲಿ ಮುಖ್ಯವಾಗಿ ಏಳುವುದು ಸಮ್ಮತಿಯ ಪ್ರಶ್ನೆ. ಸಾವು ಅಥವಾ ತೀವ್ರ ಗಾಯದ ಉದ್ದೇಶವಿಲ್ಲದ ಕೃತ್ಯಕ್ಕೆ 18 ವರ್ಷ ಮೀರಿದ ವ್ಯಕ್ತಿ ಒಪ್ಪಿಗೆ ಕೊಡಬಹುದೆಂಬುದು ದಂಡ ಸಂಹಿತೆಯ ಹಳೆಯ ತತ್ತ್ವ. ಕಾನೂನಿನ ದೃಷ್ಟಿಯಲ್ಲಿ ಸಮ್ಮತಿಯು ವ್ಯಕ್ತಿಯೊಬ್ಬನದು. ಜನಪದರ ಹರಕೆ ಹಾಗಲ್ಲ. ಮಗುವಿನ ಕಾಯಿಲೆ ವಾಸಿಯಾಗಲೆಂದು ತಾಯಿ ಹೊತ್ತ ಹರಕೆಯನ್ನು ಮಗ ಬೆಳೆದು ತೀರಿಸುತ್ತಾನೆ. ಅಜ್ಜ ಹೊತ್ತದ್ದನ್ನು ಮೊಮ್ಮಗ ತೀರಿಸುತ್ತಾನೆ. ಹರಕೆ ಮುಟ್ಟಿಸದಿದ್ದರೆ ಮನೆತನಕ್ಕೆ ಕೇಡೆಂಬ ಅಂಜಿಕೆ ಇರುವಲ್ಲಿ, ಕೆಂಡಕ್ಕೆ ಕಾಲಿಡುವವನು ತಾನಾಗಿ ಇಡುತ್ತಾನೆಯೇ, ಮನೆತನದ ಒತ್ತಾಯಕ್ಕೆ ಇಡುತ್ತಾನೆಯೇ ಎಂಬುದನ್ನು ಪೊಲೀಸ್ ಪಂಚನಾಮೆಯಿಂದ ನಿರ್ಣಯಿಸಲಾಗದು.

ಹಾಗೆಂದು ಹರಕೆಯ ಹೆಸರಿನಲ್ಲಿ ಎಲ್ಲವನ್ನೂ ಸಮರ್ಥಿಸಲು ಬಾರದು. ದೇವದಾಸಿ ಪದ್ಧತಿ ಇದಕ್ಕೆ ಕಟುವಾದ ಸಾಕ್ಷಿ. ದೇವರಿಗೆ ಬಿಡುವುದು ಕೂಡ ಹರಕೆಯೇ ಆಗಿದ್ದಿತು. ತೀರಿಸಿದವಳು ಮಾತ್ರ ಅದನ್ನು ಹೊತ್ತವಳಲ್ಲದ ಬಾಲಕಿ. ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ 1934ರ ಬೊಂಬಾಯಿ ದೇವದಾಸಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಬಳಿಕ 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂದಿತು. 1982ರ ಕಾಯ್ದೆ ಸಮರ್ಪಣೆಯನ್ನು ಶಿಕ್ಷಿಸಿತೇ ಹೊರತು ಅದರಿಂದ ಹುಟ್ಟಿದ ಮಕ್ಕಳ ಹಕ್ಕನ್ನು ಕುರಿತು ಯೋಚಿಸಲಿಲ್ಲ. ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರವು ಈ ಪದ್ಧತಿಯನ್ನು ಕುರಿತು ಅಧ್ಯಯನ ನಡೆಸಿತು. 2025ರಲ್ಲಿ ರಾಜ್ಯ ವಿಧಾನಮಂಡಲವು ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕವು ಪರಿಹಾರ, ಪುನರ್ವಸತಿ ಮತ್ತು ಮಕ್ಕಳ ಹಕ್ಕುಗಳನ್ನು ಒಳಗೊಂಡಿತು. ದಾಖಲೆಗಳಲ್ಲಿ ತಂದೆಯ ಹೆಸರನ್ನು ಕಡ್ಡಾಯಗೊಳಿಸದಿರುವುದು ಅದರ ಮುಖ್ಯ ಅಂಶಗಳಲ್ಲೊಂದು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಖಾಲಿ ಜಾಗದ ಮುಂದೆ ನಿಂತ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಈ ಎರಡು ನಿದರ್ಶನಗಳಿಂದ ಒಂದು ವಿವೇಚನೆ ಸಾಧ್ಯವಾಗುತ್ತದೆ. ಹರಕೆಯ ಭಾರ ಯಾರ ದೇಹದ ಮೇಲೆ ಬೀಳುತ್ತದೆ, ಅದರಿಂದ ಹಿಂದೆ ಸರಿಯುವ ದಾರಿ ಅವರಿಗೆ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟಾಗ ಆಚರಣೆಗಳ ನಡುವಣ ಅಂತರ ಸ್ಪಷ್ಟವಾಗುತ್ತದೆ. ಕೆಂಡ ಹಾಯಲೊಲ್ಲದವನು ಎಣ್ಣೆ, ಸಕ್ಕರೆ, ಲೋಬಾನ ಒಪ್ಪಿಸಿ ಹರಕೆ ತೀರಿಸಬಹುದಾದರೆ ಅಲ್ಲಿ ಬಿಡುಗಡೆಯ ದಾರಿಯಿದೆ. ಮುತ್ತು ಕಟ್ಟಿಸಿಕೊಂಡ ಬಾಲಕಿಗೆ ಅಂಥ ದಾರಿ ಇರಲಿಲ್ಲ. ಜನಪದ ಸಮುದಾಯಗಳು ಬದಲಿ ವಿಧಾನಗಳನ್ನು ತಾವೇ ಕಂಡುಕೊಂಡಿರುವುದೂ ಉಂಟು. ಬೆನ್ನಿಗೆ ಕೊಕ್ಕೆ ಸಿಕ್ಕಿಸುತ್ತಿದ್ದ ಸಿಡಿಯು ಹಲವೆಡೆ ಬಟ್ಟೆಯ ನಡುಕಟ್ಟಿಗೆ, ಗೊಂಬೆಗೆ ಬದಲಾಗಿದೆ. ಆಚರಣೆ ಉಳಿದಿದೆ, ಗಾಯ ಹೋಗಿದೆ.

ಸಮಾರೋಪ

ಕಾನೂನು ಶಾಲೆಯ ವಿದ್ವತ್ತು ಹಾನಿಯನ್ನು ಹೆಸರಿಸುವ ಧೈರ್ಯವನ್ನು ತೋರಿದೆ. ಜಾನಪದ ಅಧ್ಯಯನವು ಬಹುಕಾಲ ಆಚರಣೆಗಳನ್ನು ಸಂಗ್ರಹಿಸಿ, ಅವುಗಳ ಸೊಬಗನ್ನು ವಿವರಿಸಿ, ನೋವಿನ ಪ್ರಶ್ನೆಯನ್ನು ಬದಿಗಿರಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅದೇ ರೀತಿ, ಒಂದೇ ಹೆಸರಿನ ಆಚರಣೆ ಊರಿಂದೂರಿಗೆ ಬೇರೆ ಅರ್ಥ ಪಡೆಯುತ್ತದೆ ಎಂಬ ಕ್ಷೇತ್ರಕಾರ್ಯದ ಅರಿವು ಅನುಸೂಚಿಯ ಪಟ್ಟಿಗೆ ಎಟುಕುವುದಿಲ್ಲ. ಆದುದರಿಂದ ಕಾಯ್ದೆಯ ಅನುಷ್ಠಾನದಲ್ಲಿ ಜಾನಪದ ತಜ್ಞರ ಅಭಿಪ್ರಾಯಕ್ಕೆ ಸ್ಥಾನ ದೊರೆಯಬೇಕು. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ವಿಜಯಪುರದ ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇಂಥ ಸಂಸ್ಥೆಗಳ ನಡುವೆ ಜಂಟಿ ಅಧ್ಯಯನಗಳು ನಡೆದರೆ, ತಿಕೋಟಾ ಮತ್ತು ಬಬಲೇಶ್ವರ ಸೀಮೆಯ ಜಾತ್ರೆಗಳನ್ನು ಕಾನೂನಿನ ವಿದ್ಯಾರ್ಥಿಯೂ ಜಾನಪದದ ವಿದ್ಯಾರ್ಥಿಯೂ ಒಟ್ಟಿಗೆ ನೋಡುವುದು ಸಾಧ್ಯವಾಗುತ್ತದೆ. ಶಾಸನವು ಬೆಂಗಳೂರಿನಲ್ಲಿ ಬರೆಯಲ್ಪಟ್ಟರೂ ಅದು ನಿಜವಾಗಿ ಓದಲ್ಪಡುವುದು ಅಲಾಯಿ ಕುಣಿಯ ಬದಿಯಲ್ಲಿ. ಅಲ್ಲಿ ನಿಂತ ಜನರಿಗೆ ಅದು ತಮ್ಮನ್ನು ಕಾಯುವ ಮಾತಾಗಿ ಕೇಳಿಸಬೇಕೆಂದರೆ, ಅದನ್ನು ಬರೆಯುವವರಿಗೆ ಅವರ ಹಾಡಿನ ಪರಿಚಯವೂ ಇರಬೇಕು, ಅವರ ಗಾಯದ ಪರಿಚಯವೂ ಇರಬೇಕು.