ನಿರುದ್ಯೋಗ ಭತ್ಯವೂ ಸ್ವಕಾರ್ಯದ ಬಿಡುವೂ

ಕೆಲಸವಿಲ್ಲದವನಿಗೆ ಬಿಡುವಿಗೇನು ಕೊರತೆಯೆಂದು ಲೋಕವು ಸಾಮಾನ್ಯವಾಗಿ ತಿಳಿಯುವುದುಂಟು. ನಿರುದ್ಯೋಗ ವಿಮೆಯ ಕಾಯಿದೆಗಳನ್ನು ಪರಿಶೀಲಿಸಿದವರಿಗೆ ಈ ತಿಳಿವಳಿಕೆ ಸರಿಯಲ್ಲವೆಂಬುದು ವ್ಯಕ್ತವಾಗುತ್ತದೆ. ಭತ್ಯವನ್ನು ಪಡೆಯುವ ನಿರುದ್ಯೋಗಿಯ ದಿನವು ಸಂಪೂರ್ಣವಾಗಿ ಅವನ ಸ್ವಾಧೀನದಲ್ಲಿರುವುದಿಲ್ಲ. ಕೆಲಸವು ದೊರೆತೊಡನೆಯೇ ಹೋಗಲು ಅವನು ಸಿದ್ಧನಾಗಿರತಕ್ಕದ್ದು. ಹಾಗೆ ಸಿದ್ಧನಾಗಿಲ್ಲದವನಿಗೆ ಭತ್ಯದ ಹಕ್ಕಿಲ್ಲ. ಹೀಗಿರಲಾಗಿ, ತಾಯಿಯು ತೀರಿಕೊಂಡರೆ ಅವನು ಅವಳ ಅಂತ್ಯಕ್ರಿಯೆಗೆ ಹೋಗಬಹುದೆ? ಮಗುವಿಗೆ ಕಾಯಿಲೆಯಾದರೆ ಅದರ ಬಳಿಯಲ್ಲಿ ಕುಳಿತಿರಬಹುದೆ? ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳಲು ಹೋದರೆ ಅವನ ಭತ್ಯವೇನಾಗುವುದು? ಈ ಪ್ರಶ್ನೆಗಳಿಗೆ ಬ್ರಿಟನ್ನಿನ ಶಾಸನಗಳು ಒಂದು ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಕೊಟ್ಟ ಉತ್ತರಗಳನ್ನು ಕ್ರಮವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಬ್ರಿಟನ್ನಿನ ನಿರುದ್ಯೋಗ ವಿಮೆಯು 1911ನೆಯ ರಾಷ್ಟ್ರೀಯ ವಿಮಾ ಕಾಯಿದೆಯ ಎರಡನೆಯ ಭಾಗದಿಂದ ಹುಟ್ಟಿತು. ಅದಕ್ಕೆ ಮೊದಲೇ, 1909ರ ಕಾಯಿದೆಯ ಮೇರೆಗೆ, ಕೆಲಸವನ್ನು ಹುಡುಕುವವರನ್ನೂ ಕೊಡುವವರನ್ನೂ ಒಂದೆಡೆ ಸೇರಿಸುವ ಉದ್ಯೋಗ ವಿನಿಮಯ ಕಚೇರಿಗಳು 1910ರ ಫೆಬ್ರವರಿಯಿಂದ ತೆರೆಯಲ್ಪಟ್ಟಿದ್ದುವು. ಹೊಸ ವಿಮೆಯು ಕಟ್ಟಡ, ಹಡಗು ನಿರ್ಮಾಣ, ಯಂತ್ರ ನಿರ್ಮಾಣ ಮೊದಲಾದ ಕೆಲವೇ ಕಸುಬುಗಳ ಸುಮಾರು 22 ಲಕ್ಷ ಕೆಲಸಗಾರರಿಗೆ ಅನ್ವಯಿಸಿತು. ಕೆಲಸಗಾರನೂ ಯಜಮಾನನೂ ವಾರಕ್ಕೆ ತಲಾ ಎರಡೂವರೆ ಪೆನ್ನಿಯ ವಂತಿಗೆಯನ್ನು ಕೊಡುತ್ತಿದ್ದರು. ಸರ್ಕಾರವೂ ತನ್ನ ಪಾಲನ್ನು ಸೇರಿಸುತ್ತಿತ್ತು. ಕೆಲಸ ಹೋದವನಿಗೆ ವಾರಕ್ಕೆ 7 ಷಿಲಿಂಗಿನಂತೆ, ವರ್ಷಕ್ಕೆ ಹೆಚ್ಚೆಂದರೆ 15 ವಾರಗಳವರೆಗೆ ಭತ್ಯವು ಸಲ್ಲುತ್ತಿತ್ತು. ಅವನು ಕೆಲಸ ಮಾಡಲು ಶಕ್ತನಾಗಿದ್ದು, ತಕ್ಕ ಕೆಲಸವು ದೊರೆಯದವನಾಗಿರಬೇಕೆಂಬುದು ಮುಖ್ಯ ನಿಬಂಧನೆ. ಮುಷ್ಕರದಿಂದ ತೆರವಾದ ಸ್ಥಾನವನ್ನು ಒಲ್ಲೆನೆಂದವನಿಗೆ ಭತ್ಯವು ತಪ್ಪುತ್ತಿರಲಿಲ್ಲ. ಸಕಾರಣವಿಲ್ಲದೆ ತಾನಾಗಿ ಕೆಲಸವನ್ನು ಬಿಟ್ಟವನಿಗಾದರೋ ಆರು ವಾರಗಳ ಭತ್ಯವು ನಿಲ್ಲುತ್ತಿತ್ತು.

ಇಂತಹ ನಿಬಂಧನೆಗಳು ಏತಕ್ಕೆ ಬೇಕಾದುವೆಂಬುದನ್ನು ತಿಳಿಯಲು ವಿಮೆಯ ಸ್ವರೂಪವನ್ನು ನೋಡಬೇಕು. ಬೆಂಕಿಯ ವಿಮೆಯಲ್ಲಿ ನಷ್ಟವು ಕಣ್ಣಿಗೆ ಕಾಣುತ್ತದೆ: ಮನೆಯು ಸುಟ್ಟಿದೆ, ಇಲ್ಲವೆ ಸುಟ್ಟಿಲ್ಲ. ನಿರುದ್ಯೋಗದಲ್ಲಿ ಹಾಗಲ್ಲ. ಮನೆಯಲ್ಲಿ ಕುಳಿತಿರುವ ಇಬ್ಬರಲ್ಲಿ ಒಬ್ಬನು ಕೆಲಸವು ಸಿಕ್ಕದೆ ಕುಳಿತಿರಬಹುದು, ಮತ್ತೊಬ್ಬನು ಬೇಡವೆಂದು ಕುಳಿತಿರಬಹುದು. ಹೊರಗಿನಿಂದ ನೋಡುವವನಿಗೆ ಇಬ್ಬರೂ ಒಂದೇ. ಭೇದವಿರುವುದು ಮನಸ್ಸಿನಲ್ಲಿ, ಮನಸ್ಸನ್ನು ನೋಡುವ ಸಾಧನವು ಯಾವ ಕಚೇರಿಯಲ್ಲಿಯೂ ಇಲ್ಲ. ಆದುದರಿಂದ ಶಾಸನವು ಮನಸ್ಸಿಗೆ ಬದಲಾಗಿ ಕೆಲವು ಹೊರ ಲಕ್ಷಣಗಳನ್ನು ಪರೀಕ್ಷಿಸುತ್ತದೆ: ಕಚೇರಿಗೆ ಬಂದು ಸಹಿ ಹಾಕುವನೆ? ಕರೆದ ಕಡೆಗೆ ಹೋಗುವನೆ? ಹುಡುಕಿದುದಕ್ಕೆ ಗುರುತುಂಟೆ? ಸ್ವಂತ ಕಾರ್ಯಕ್ಕಾಗಿ ಊರನ್ನು ಬಿಟ್ಟವನು ಪ್ರಾಮಾಣಿಕನೇ ಆಗಿರಬಹುದು. ಆದರೂ ಲಕ್ಷಣದಲ್ಲಿ ಅವನು ಸೋಮಾರಿಯನ್ನು ಹೋಲುತ್ತಾನೆ. ತೊಡಕೆಲ್ಲವೂ ಇಲ್ಲಿಯೇ ಇರುವುದು.

ಈ ಪರೀಕ್ಷೆಯು ಎಷ್ಟು ಕಠಿಣವಾಗಬಹುದೆಂಬುದಕ್ಕೆ 1921ರಿಂದ 1930ರವರೆಗಿನ ಕಾಲವು ನಿದರ್ಶನ. 1920ರ ಕಾಯಿದೆಯಿಂದ ವಿಮೆಯು ಬಹುತರ ಕಸುಬುಗಳಿಗೆ ವಿಸ್ತರಿಸಿತು. ಒಡನೆಯೇ ವ್ಯಾಪಾರವು ಕುಸಿದು ನಿರುದ್ಯೋಗಿಗಳು ಹೆಚ್ಚಿದರು. 1921ರಲ್ಲಿ, ವಂತಿಗೆಗೆ ಮೀರಿ ಕೊಡುತ್ತಿದ್ದ ಭತ್ಯಕ್ಕೆ, ಅರ್ಜಿದಾರನು ನಿಜವಾಗಿ ಕೆಲಸವನ್ನು ಹುಡುಕುತ್ತಿರಬೇಕೆಂಬ ಹೊಸ ನಿಬಂಧನೆಯು ಬಂದಿತು. 1924ರಲ್ಲಿ ಅದು ಎಲ್ಲ ಭತ್ಯಕ್ಕೂ ಅನ್ವಯಿಸಿತು. ಕೆಲಸವೇ ಇಲ್ಲದ ಊರಿನಲ್ಲಿಯೂ ತಾನು ಹುಡುಕಿದೆನೆಂದು ರುಜುಪಡಿಸುವ ಭಾರವು ಅರ್ಜಿದಾರನ ಮೇಲೆಯೇ ಬಿದ್ದಿತು. ಮುಚ್ಚಿದ ಗಣಿಯ ಬಾಗಿಲಿಗೆ ದಿನವೂ ಹೋಗಿ ಬರುವುದೇ ಪ್ರಾಮಾಣಿಕತೆಯ ಲಕ್ಷಣವಾಯಿತು. ಇಂತಹ ಕಾಲದಲ್ಲಿ ಮನೆಯ ಕಾರ್ಯಕ್ಕಾಗಿ ಕಳೆದ ದಿನವು ಹುಡುಕದ ದಿನವೆನಿಸುವ ಭಯವು ಸಹಜ. ಮಂತ್ರಿಣಿ ಮಾರ್ಗರೆಟ್ ಬಾಂಡ್‌ಫೀಲ್ಡರ ಕಾಲದಲ್ಲಿ, 1930ರ ಕಾಯಿದೆಯಿಂದ ಈ ನಿಬಂಧನೆಯು ತೆಗೆದುಹಾಕಲ್ಪಟ್ಟು, ತಕ್ಕ ಕೆಲಸವನ್ನು ಅರ್ಜಿದಾರನು ನಿರಾಕರಿಸಿದನೆಂದು ತೋರಿಸುವ ಭಾರವು ಅಧಿಕಾರಿಗಳ ಕಡೆಗೆ ತಿರುಗಿತು. ಆದರೆ ಈ ಭಾವನೆಯು ಅಳಿಯಲಿಲ್ಲ. 1989ರ ಕಾಯಿದೆಯಲ್ಲಿ ಕೆಲಸವನ್ನು ಸಕ್ರಿಯವಾಗಿ ಹುಡುಕಬೇಕೆಂಬ ರೂಪದಲ್ಲಿ ಅದು ಮರಳಿ ಬಂದಿತು.

ಸ್ವಕಾರ್ಯದ ಬಿಡುವನ್ನು ವಿವರವಾಗಿ ಎಣಿಸಿ ಹೇಳಿದುದು 1996ರ ನಿಯಮಾವಳಿ. 1995ರ ಕಾಯಿದೆಯಿಂದ ಏರ್ಪಟ್ಟ ಉದ್ಯೋಗಾನ್ವೇಷಕರ ಭತ್ಯಕ್ಕೆ ಅದು ಸಂಬಂಧಿಸಿತ್ತು. ಅದರ ಉಪಾಯವು ಸೂಕ್ಷ್ಮವಾದುದು. ಅದು ‘ರಜೆ’ ಎಂಬುದನ್ನು ಕೊಡಲಿಲ್ಲ; ಕೆಲವು ಸಂದರ್ಭಗಳಲ್ಲಿ, ವಾಸ್ತವವಾಗಿ ಸಿದ್ಧನಲ್ಲದವನನ್ನು ‘ಸಿದ್ಧನೆಂದು ಭಾವಿಸತಕ್ಕದ್ದು’ ಎಂದಿತು. ಹತ್ತಿರದ ಬಂಧುವಿನ ಇಲ್ಲವೆ ಆಪ್ತಮಿತ್ರನ ಮರಣ, ಕಠಿಣವಾದ ಕಾಯಿಲೆ, ಅಂತ್ಯಕ್ರಿಯೆ, ಮನೆಯ ಆಕಸ್ಮಿಕ ವಿಪತ್ತು ಇವುಗಳಿಗೆ ಅಗತ್ಯವಾದಷ್ಟು ಕಾಲ, ಆದರೆ ಒಂದು ಸಲಕ್ಕೆ ಒಂದು ವಾರವನ್ನು ಮೀರದಂತೆ, ಹನ್ನೆರಡು ತಿಂಗಳಲ್ಲಿ ನಾಲ್ಕು ಸಲಕ್ಕೆ ಹೆಚ್ಚಾಗದಂತೆ, ಈ ಭಾವನೆಯು ಸಲ್ಲುತ್ತಿತ್ತು. ಸಮುದ್ರದಲ್ಲಿ ಮುಳುಗುವವರನ್ನು ರಕ್ಷಿಸುವ ದೋಣಿಯನ್ನು ನಡೆಸಲು ಹೋದವನಿಗೂ ಇದೇ ರಕ್ಷಣೆಯಿತ್ತು. ಇತರರ ಆರೈಕೆಯ ಹೊಣೆಯುಳ್ಳವರಿಗೂ ಸ್ವಯಂಸೇವೆಯಲ್ಲಿದ್ದವರಿಗೂ, ಒಡನೆಯೇ ಹೊರಡಬೇಕೆಂಬುದಕ್ಕೆ ಬದಲಾಗಿ, ಸ್ವಲ್ಪ ಕಾಲದ ಮುನ್ಸೂಚನೆಯು ದೊರೆಯುತ್ತಿತ್ತು. ಗಮನಿಸಬೇಕಾದುದೇನೆಂದರೆ, ಆ ಒಂದು ವಾರದ ಪಟ್ಟಿಯಲ್ಲಿ ದುಃಖದ ಕಾರ್ಯಗಳಿಗೆ ಹೆಸರುಂಟು, ಮದುವೆ ಮೊದಲಾದ ಶುಭಕಾರ್ಯಗಳಿಗೆ ಇಲ್ಲ. ಸಾವು ಮುಹೂರ್ತವನ್ನು ಕೇಳಿ ಬರುವುದಿಲ್ಲ. ಮದುವೆಯ ದಿನವನ್ನು ಮನುಷ್ಯನೇ ಇಡುತ್ತಾನೆ. ಶಾಸನವು ತನ್ನ ಕರುಣೆಯ ಎಲ್ಲೆಯನ್ನು ಈ ಭೇದದ ಮೇಲೆ ಎಳೆದಂತಿದೆ.

2012ರ ಕಾಯಿದೆಯಿಂದ ಹುಟ್ಟಿ 2013ರಿಂದ ಜಾರಿಗೆ ಬಂದ ಸಾರ್ವತ್ರಿಕ ಭತ್ಯದಲ್ಲಿ ಎಣಿಕೆಯ ರೀತಿಯು ಬದಲಾಯಿತು. ಕೆಲಸವನ್ನು ಹುಡುಕುವುದೇ ಒಂದು ಕೆಲಸವೆಂದು ಎಣಿಸಲ್ಪಟ್ಟು, ಅದಕ್ಕೆ ಸಾಮಾನ್ಯವಾಗಿ ವಾರಕ್ಕೆ 35 ಗಂಟೆಗಳು ಗೊತ್ತಾದುವು. ಅಂತ್ಯಕ್ರಿಯೆಯ ಏರ್ಪಾಡು, ಮನೆಯ ವಿಪತ್ತು, ಮಕ್ಕಳ ತಾತ್ಕಾಲಿಕ ಆರೈಕೆ, ಇತರ ತಾತ್ಕಾಲಿಕ ಸಂದರ್ಭಗಳು ಇವುಗಳ ಕಾಲವನ್ನು ಆ ಗಂಟೆಗಳಿಂದ ಕಳೆಯಬಹುದು. ಸ್ವಯಂಸೇವೆಯ ಕಾಲವನ್ನೂ ಅರ್ಧಕ್ಕೆ ಮೀರದಂತೆ ಕಳೆಯಬಹುದು. ಸಂಗಾತಿಯನ್ನಾಗಲಿ ಮಗುವನ್ನಾಗಲಿ ಕಳೆದುಕೊಂಡವರಿಗೆ ಮರಣದಿಂದ ಆರು ತಿಂಗಳವರೆಗೆ ಹುಡುಕುವ ಹೊಣೆಯೇ ಇಲ್ಲ. ನ್ಯಾಯಸ್ಥಾನಕ್ಕೆ ಕಕ್ಷಿಗಾರನಾಗಿಯೋ ಸಾಕ್ಷಿಯಾಗಿಯೋ ಹೋಗುವವನಿಗೂ ಆ ಕಾಲದಲ್ಲಿ ವಿನಾಯಿತಿಯುಂಟು. ‘ಇತರ ತಾತ್ಕಾಲಿಕ ಸಂದರ್ಭಗಳು’ ಎಂಬ ಮಾತಿನಿಂದ ಬಾಗಿಲು ಅಗಲವಾಯಿತೆಂಬುದು ನಿಜ. ಆದರೆ ಅದರ ಬೀಗದ ಕೈಯು ಅಧಿಕಾರಿಯ ಹತ್ತಿರ ಉಳಿಯಿತು. ಹಳೆಯ ಪಟ್ಟಿಯು ಕಿರಿದಾದರೂ ಅದರಲ್ಲಿರುವುದು ಹಕ್ಕಾಗಿತ್ತು. ಹೊಸ ಮಾತು ಹಿರಿದಾದರೂ ಅದರಲ್ಲಿ ದೊರೆಯುವುದು ಬಹುಮಟ್ಟಿಗೆ ವಿವೇಚನೆ. ಆ ವಿವೇಚನೆಯಲ್ಲಿ ತಪ್ಪಾದರೆ ನಷ್ಟವು ಅಲ್ಪವಲ್ಲ: ಸಕಾರಣವಿಲ್ಲದೆ ಕೆಲಸವನ್ನು ನಿರಾಕರಿಸಿದನೆಂದು ತೀರ್ಮಾನವಾದರೆ ಮೊದಲ ಸಲಕ್ಕೇ 91 ದಿನಗಳ ದಂಡನೆಯು ಒದಗಬಹುದು.

ಭಾರತದಲ್ಲಿ 1948ರ ನೌಕರರ ರಾಜ್ಯ ವಿಮಾ ಕಾಯಿದೆಯು ಕಾಯಿಲೆ, ಪ್ರಸೂತಿ, ಕೆಲಸದಲ್ಲಿನ ಅಪಘಾತ ಇವುಗಳಿಗೆ ರಕ್ಷಣೆಯನ್ನು ಕೊಟ್ಟಿತಾದರೂ, ನಿರುದ್ಯೋಗ ಭತ್ಯವು ಅದರ ಅಂಗವಾಗಿ ಬಂದುದು 2005ರ ಮತ್ತು 2018ರ ಯೋಜನೆಗಳಿಂದ. ಇಂತಹ ನಿಯಮಗಳು ಕನ್ನಡಕ್ಕೆ ಬರುವಾಗ ಪದವನ್ನು ಆರಿಸುವುದರಲ್ಲಿಯೂ ಎಚ್ಚರವು ಬೇಕು. ಇಂಗ್ಲಿಷಿನ ‘ಅವೈಲಬಲ್’ ಎಂಬುದಕ್ಕೆ ‘ಲಭ್ಯ’ ಎಂದು ಹೇಳುವ ರೂಢಿಯುಂಟು. ಲಭ್ಯವೆಂಬುದು ಪಡೆಯತಕ್ಕ ವಸ್ತುವಿಗೆ ಒಪ್ಪುವ ಮಾತು. ಅಂಗಡಿಯಲ್ಲಿ ಅಕ್ಕಿಯು ಲಭ್ಯ. ‘ಸಿದ್ಧ’ ಎಂಬುದಾದರೋ ಮನುಷ್ಯನ ಇಚ್ಛೆಯನ್ನು ಹೇಳುವ ಮಾತು. ವಸ್ತುವಿಗೆ ತಾಯಿಯಿಲ್ಲ, ಮಗುವಿಲ್ಲ, ಸಾಕ್ಷಿ ಹೇಳುವ ಹೊಣೆಯೂ ಇಲ್ಲ. ಅದು ಸದಾ ಲಭ್ಯವಾಗಿರಬಹುದು. ಸಿದ್ಧನಾಗಿರುವ ಮನುಷ್ಯನಿಗೆ ಇವೆಲ್ಲವೂ ಉಂಟು. ಬ್ರಿಟನ್ನಿನ ನಿಯಮಗಳು ಒಂದೊಂದಾಗಿ ವಿನಾಯಿತಿಗಳನ್ನು ಸೇರಿಸುತ್ತ ಬಂದುದು ಮೊದಲನೆಯ ಅರ್ಥದಿಂದ ಎರಡನೆಯ ಅರ್ಥದ ಕಡೆಗೆ ಇಟ್ಟ ಹೆಜ್ಜೆಗಳೆಂದು ಹೇಳಬಹುದಾಗಿದೆ.