ಮೆಲೊಡ್ರಾಮ ಚಿತ್ರಗಳಲ್ಲಿ ಸ್ಥಳದ ಪಾತ್ರ: ‘ಸ್ಟ್ರಾಂಬೊಲಿ’ ಮತ್ತು ‘ಬೆಳ್ಳಿಮೋಡ’

ಪ್ರಣಯವನ್ನು ವಸ್ತುವಾಗಿಟ್ಟುಕೊಂಡು ಭಾವೋದ್ವೇಗವನ್ನು ಪರಾಕಾಷ್ಠೆಗೆ ಒಯ್ಯುವ ಚಿತ್ರಪ್ರಕಾರವನ್ನು ಮೆಲೊಡ್ರಾಮವೆಂದು ಕರೆಯುವರು. ಇಂಥ ಚಿತ್ರಗಳಲ್ಲಿ ಬರುವ ದ್ವೀಪ, ಬೆಟ್ಟ, ತೋಟಗಳು ಕಣ್ಣಿಗೆ ಹಬ್ಬವಾಗಲೆಂದು ಸೇರಿಸಿದ ಅಲಂಕಾರಗಳೆಂಬ ಅಭಿಪ್ರಾಯವುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಎರಡು ಚಿತ್ರಗಳ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ.

ರೊಬೆರ್ತೊ ರೊಸೆಲ್ಲಿನಿಯವರ ‘ಸ್ಟ್ರಾಂಬೊಲಿ’ (1950) ಸಿಸಿಲಿಯ ಉತ್ತರಕ್ಕಿರುವ ಜ್ವಾಲಾಮುಖಿ ದ್ವೀಪವೊಂದರ ಕಥೆ. ಯುದ್ಧದಲ್ಲಿ ನೆಲೆ ಕಳೆದುಕೊಂಡ ಕಾರಿನ್ (ಇಂಗ್ರಿಡ್ ಬರ್ಗ್‌ಮನ್) ನಿರಾಶ್ರಿತರ ಶಿಬಿರದಿಂದ ಪಾರಾಗಲೆಂದೇ ಅಲ್ಲಿಯ ಬೆಸ್ತನೊಬ್ಬನನ್ನು ವರಿಸುತ್ತಾಳೆ. ಆದರೆ ಶಿಬಿರದ ಬೇಲಿಯನ್ನು ದಾಟಿದವಳಿಗೆ ಸಮುದ್ರವೇ ಬೇಲಿಯಾಗುತ್ತದೆ. ಕೊನೆಗೆ ಗರ್ಭಿಣಿಯಾದ ಆಕೆ ಪರ್ವತವನ್ನೇರಿ ತಪ್ಪಿಸಿಕೊಳ್ಳಲು ಹವಣಿಸಿ, ಹೊಗೆಯ ನಡುವೆ ದೇವರನ್ನು ಮೊರೆಯಿಡುತ್ತಾಳೆ. ಅಮೆರಿಕದಲ್ಲಿ ತೆರೆಕಂಡ ಪ್ರತಿಯಲ್ಲಿ ಆಕೆ ಮನೆಗೆ ಮರಳುವಳೆಂದು ನಿರೂಪಕನ ಧ್ವನಿ ತಿಳಿಸುತ್ತದೆ. ಇಟಲಿಯ ಪ್ರತಿಯಲ್ಲಿ ಮೊರೆಯಷ್ಟೇ ಉಳಿಯುತ್ತದೆ.

ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ‘ಬೆಳ್ಳಿಮೋಡ’ (1967) ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಇಲ್ಲಿ ಕಡಲಿಲ್ಲ, ಆದರೆ ಮಲೆನಾಡಿನ ಎಸ್ಟೇಟು ದ್ವೀಪದಂತೆಯೇ ಒಂಟಿಯಾಗಿದೆ. ಎಸ್ಟೇಟಿನ ಒಡೆಯರ ಏಕಮಾತ್ರ ಪುತ್ರಿ ಇಂದಿರೆಗೆ (ಕಲ್ಪನಾ) ಮೋಹನನೊಡನೆ (ಕಲ್ಯಾಣ್ ಕುಮಾರ್) ವಿವಾಹ ನಿಶ್ಚಯವಾಗುತ್ತದೆ. ಅವಳ ತಂದೆಯ ಹಣದಿಂದ ಆತನು ಅಮೆರಿಕಕ್ಕೆ ತೆರಳಿ ಓದುತ್ತಿರುವಾಗ, ಆಕೆಗೊಬ್ಬ ತಮ್ಮನು ಜನಿಸುತ್ತಾನೆ. ಆಸ್ತಿಗೆ ಬೇರೆ ವಾರಸುದಾರ ಹುಟ್ಟಿದೊಡನೆ ಮೋಹನನ ಪ್ರೇಮವೂ ಕರಗುತ್ತದೆ. ಮುಂದೆ ಗಾಯಗೊಂಡ ಆತನನ್ನು ಇಂದಿರೆಯೇ ಉಪಚರಿಸುತ್ತಾಳೆ. ಆತನು ಪಶ್ಚಾತ್ತಾಪಪಟ್ಟು ಕೈಹಿಡಿಯುವೆನೆಂದಾಗ ಮಾತ್ರ ನಿರಾಕರಿಸುತ್ತಾಳೆ.

ಎರಡು ಕಥೆಗಳಲ್ಲಿಯೂ ಸ್ಥಳವೇ ನಾಯಿಕೆಯ ಮಾರ್ಗಗಳನ್ನು ಒಂದೊಂದಾಗಿ ಮುಚ್ಚುತ್ತದೆ. ನೆರೆಹೊರೆಯ ಆಸರೆಯಾಗಲಿ, ಹೋಗಲು ಬೇರೊಂದು ಮನೆಯಾಗಲಿ ಇಲ್ಲದಿರುವಾಗ ಉಳಿಯುವುದು ಆಕೆಯ ನಿರ್ಧಾರವೊಂದೇ. ಕಾರಿನ್ನಳ ನಿರ್ಧಾರವನ್ನು ಒಂದು ಪ್ರತಿಯಲ್ಲಿ ಪರರು ನುಡಿದರು. ಇಂದಿರೆಯಾದರೋ ತನ್ನದನ್ನು ತಾನೇ ನುಡಿದಳು. ಕನ್ನಡ ಚಿತ್ರದ ಹಿರಿಮೆಯನ್ನು ನಾವು ಇಲ್ಲಿ ಕಾಣುತ್ತೇವೆ.

ನಮ್ಮ ಆಡಕಿ, ಸೇಡಂ, ಚಿತ್ತಾಪುರಗಳ ಸೀಮೆಯಲ್ಲಿ ಕಡಲೂ ಇಲ್ಲ, ಕಾಫಿಯ ಬೆಟ್ಟವೂ ಇಲ್ಲ. ಇರುವುದು ಕಾಗಿಣಾ ನದಿಯ ಬಯಲು, ತೊಗರಿಯ ಹೊಲ, ಹಾಸುಗಲ್ಲಿನ ಗಣಿ. ಆದರೂ ಹೊಲದ ಪಾಲನ್ನು ನೋಡಿ ಹೆಣ್ಣು ಕೇಳುವ ರೂಢಿಯನ್ನು ಬಲ್ಲ ಪ್ರೇಕ್ಷಕನಿಗೆ ಇಂದಿರೆಯ ‘ಒಲ್ಲೆ’ ಎಂಬ ಉತ್ತರದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆದುದರಿಂದ, ಸ್ಥಳವು ಅಲಂಕಾರವಲ್ಲ, ಕಥೆಯ ಕಾರಣಗಳಲ್ಲೊಂದು ಎಂಬುದೇ ನಮ್ಮ ನಿಲುವು.