ರೈಲಿನ ಕೂಗು, ನಮ್ಮ ನಿದ್ದೆ

ರಾತ್ರಿ ಎರಡು ಗಂಟೆ. ಜ್ವರ ಬಂದ ಮಗು ಈಗಷ್ಟೇ ಕಣ್ಣು ಮುಚ್ಚಿದೆ. ದೂರದಲ್ಲಿ ಶುರುವಾದ ರೈಲಿನ ಹಾರ್ನ್ ಹತ್ತಿರವಾಗುತ್ತಾ ಬಂದು ಇಡೀ ಮನೆಯನ್ನು ತುಂಬುತ್ತದೆ. ಮಗು ಬೆಚ್ಚಿಬಿದ್ದು ಅಳುತ್ತದೆ. ಮೈಸೂರಿನಲ್ಲಿ ಹಳಿಯ ಪಕ್ಕ ನಿಮ್ಮ ಮನೆಯಿದ್ದರೆ ಇದು ನಿಮಗೆ ಹೊಸದಲ್ಲ.

ನಮ್ಮ ಊರಿನಲ್ಲಿ ಹಳಿಗಳು ಜನವಸತಿಯ ನಡುವೆಯೇ ಹಾದುಹೋಗುತ್ತವೆ. ಮಂಡಿ ಮೊಹಲ್ಲಾ, ಯಾದವಗಿರಿ ಕಡೆಯವರಿಗೆ ಮುಖ್ಯ ನಿಲ್ದಾಣದ ಸದ್ದು. ಚಾಮರಾಜಪುರಂ, ಅಶೋಕಪುರಂ ಕಡೆಯವರಿಗೆ ಚಾಮರಾಜನಗರ ಮಾರ್ಗದ ಸದ್ದು. ಈ ಸದ್ದಿನ ಬಗ್ಗೆ ಜನರ ಅಭಿಪ್ರಾಯ ಒಂದೇ ಅಲ್ಲ. "ರಾತ್ರಿ ಹೊತ್ತಾದರೂ ಹಾರ್ನ್ ನಿಲ್ಲಿಸಲಿ" ಎನ್ನುತ್ತಾರೆ ಮನೆಯಲ್ಲಿ ರೋಗಿಯೋ ಬಾಣಂತಿಯೋ ಇರುವವರು. "ಹಾರ್ನ್ ಇಲ್ಲದಿದ್ದರೆ ಹಳಿ ದಾಟುವ ಮಕ್ಕಳ ಗತಿಯೇನು?" ಎಂದು ಇನ್ನು ಕೆಲವರು ಕೇಳುತ್ತಾರೆ. "ನಮಗೆ ಅಭ್ಯಾಸವಾಗಿದೆ ಬಿಡಿ" ಎನ್ನುವ ಹಿರಿಯರೂ ಇದ್ದಾರೆ. ಯಾರ ಮಾತಿನಲ್ಲಿ ಎಷ್ಟು ಹುರುಳಿದೆ, ನೋಡೋಣ.

ಚಾಲಕರು ಹಾರ್ನ್ ಹೊಡೆಯುವುದೇಕೆ?

ಬೇಸರಕ್ಕೋ ಚಟಕ್ಕೋ ಅಲ್ಲ. ಲೆವೆಲ್ ಕ್ರಾಸಿಂಗ್‌ಗೆ ಸುಮಾರು 600 ಮೀಟರ್ ಮೊದಲು ಹಳಿಯ ಬದಿಯಲ್ಲಿ ಒಂದು ಫಲಕ ಇರುತ್ತದೆ. ಆ ಫಲಕದಿಂದ ಗೇಟು ದಾಟುವವರೆಗೆ ಹಾರ್ನ್ ಮಾಡಬೇಕು ಎಂಬುದು ರೈಲ್ವೆಯ ನಿಯಮ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ರೈಲಿಗೆ ಆ 600 ಮೀಟರ್ ದಾಟಲು 36 ಸೆಕೆಂಡು ಬೇಕು. ಕೂಗು ಅಷ್ಟು ಉದ್ದವಾಗಿ ಕೇಳುವುದು ಇದರಿಂದಲೇ.

ಹಳಿಯ ಮೇಲೆ ಜನ ಕಂಡಾಗಲೂ ಚಾಲಕರು ಹಾರ್ನ್ ಹೊಡೆಯಬೇಕು. ಬೇರೆ ದಾರಿ ಅವರಿಗಿಲ್ಲ. ಬಸ್ಸಿನಂತೆ ರೈಲನ್ನು ಪಕ್ಕಕ್ಕೆ ತಿರುಗಿಸಲಾಗದು. 100 ಕಿಲೋಮೀಟರ್ ವೇಗದ ರೈಲು ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಒಂದು ಕಿಲೋಮೀಟರ್‌ನಷ್ಟು ದೂರ ಬೇಕಾಗಬಹುದು. ಅದೂ ಅಲ್ಲದೆ ವಿದ್ಯುತ್ ಎಂಜಿನ್ ಹಳೆಯ ಡೀಸೆಲ್ ಎಂಜಿನ್‌ನಂತೆ ಗುಡುಗುತ್ತಾ ಬರುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳಿ ದಾಟುವ ಹುಡುಗನಿಗೆ ಹಾರ್ನ್ ಒಂದೇ ಕೊನೆಯ ಎಚ್ಚರಿಕೆ.

ಸದ್ದು ಎಷ್ಟು?

ಎಂಜಿನ್‌ನಿಂದ 5 ಮೀಟರ್ ದೂರದಲ್ಲಿ ಹಾರ್ನ್ 120 ಡೆಸಿಬೆಲ್ ಇದೆ ಎಂದುಕೊಳ್ಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ 80 ಮೀಟರ್ ದೂರದ ಮನೆಯ ಹೊರಗೆ ಇನ್ನೂ 96 ಡೆಸಿಬೆಲ್ ಉಳಿದಿರುತ್ತದೆ. ಕಿಟಕಿ ಮುಚ್ಚಿದರೆ ಇದರಲ್ಲಿ ಸುಮಾರು 25 ಕಡಿಮೆಯಾದೀತು. ಆದರೆ ಮಲಗುವ ಕೋಣೆಯಲ್ಲಿ ಒಂದು ಸಲದ ಸದ್ದೂ 45 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ.

"ಅಭ್ಯಾಸವಾಗಿದೆ" ಎನ್ನುವ ಮಾತು ಅರ್ಧ ಮಾತ್ರ ನಿಜ. ದಿನಗಳೆದಂತೆ ನಾವು ಏಳದಿರಬಹುದು. ಆದರೆ ನಿದ್ದೆಯಲ್ಲೂ ಕಿವಿ ಮುಚ್ಚಿರುವುದಿಲ್ಲ. ದೊಡ್ಡ ಸದ್ದಾದಾಗ ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಆಳವಾದ ನಿದ್ದೆ ತೆಳುವಾಗುತ್ತದೆ. ಬೆಳಿಗ್ಗೆ ನಮಗೆ ಯಾವುದೂ ನೆನಪಿರುವುದಿಲ್ಲ, ಸುಸ್ತು ಮಾತ್ರ ಉಳಿದಿರುತ್ತದೆ. ವರ್ಷಗಟ್ಟಲೆ ಹೀಗಾದರೆ ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಇರುವವರ ನಿದ್ದೆಯ ಕಡೆ ವಿಶೇಷ ಗಮನ ಕೊಡಿ.

ಮಕ್ಕಳ ಕಲಿಕೆಗೂ ಪೆಟ್ಟು ಬೀಳುತ್ತದೆ. ನ್ಯೂಯಾರ್ಕ್ ನಗರದಲ್ಲಿ ಮೇಲ್ಸೇತುವೆಯ ರೈಲುಹಳಿಗೆ ಅಂಟಿಕೊಂಡಿದ್ದ ಒಂದು ಶಾಲೆಯಲ್ಲಿ ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್‌ಜಾಫ್ಟ್ ಅಧ್ಯಯನ ನಡೆಸಿ, 1975ರಲ್ಲಿ ಅದನ್ನು ಪ್ರಕಟಿಸಿದರು. ಹಳಿಯ ಕಡೆಯ ಕೋಣೆಗಳ ಮಕ್ಕಳು ಓದಿನಲ್ಲಿ ಇನ್ನೊಂದು ಬದಿಯ ಮಕ್ಕಳಿಗಿಂತ ಹಿಂದಿದ್ದರು. ಮೇಲಿನ ತರಗತಿಯಲ್ಲಿ ಆ ಅಂತರ ಸುಮಾರು ಒಂದು ವರ್ಷದಷ್ಟಿತ್ತು. ನಂತರ ಹಳಿಗೆ ರಬ್ಬರ್ ಪ್ಯಾಡ್, ಕೋಣೆಗಳಿಗೆ ಸದ್ದು ಹೀರುವ ಚಾವಣಿ ಹಾಕಲಾಯಿತು. ಮತ್ತೆ ಪರೀಕ್ಷಿಸಿದಾಗ ಎರಡೂ ಬದಿಯ ಮಕ್ಕಳು ಸಮವಾಗಿದ್ದರು. ಮಕ್ಕಳ ದಡ್ಡತನ ಎಂದುಕೊಂಡದ್ದು ಬರೀ ಸದ್ದಿನ ಫಲವಾಗಿತ್ತು.

ಹಾಗಾದರೆ ದಾರಿ ಯಾವುದು?

ಹಾರ್ನ್ ಬೇಕಾಗುವ ಕಾರಣವನ್ನೇ ತೆಗೆಯುವುದು. ಅಮೆರಿಕದಲ್ಲಿ 2005ರ ನಿಯಮದ ಪ್ರಕಾರ, ರಸ್ತೆಯನ್ನು ಪೂರ್ತಿ ಮುಚ್ಚುವ ಗೇಟಿನಂಥ ಹೆಚ್ಚಿನ ಸುರಕ್ಷತೆ ಒದಗಿಸಿದ ಊರುಗಳು ತಮ್ಮ ಕ್ರಾಸಿಂಗ್‌ಗಳಲ್ಲಿ ವಾಡಿಕೆಯ ಹಾರ್ನ್ ನಿಲ್ಲಿಸುವಂತೆ ಮಾಡಬಹುದು. ಬ್ರಿಟನ್‌ನಲ್ಲಿ 2007ರಿಂದ ರಾತ್ರಿಯ ಕೆಲವು ಗಂಟೆ, ಫಲಕ ಕಂಡ ಮಾತ್ರಕ್ಕೆ ಹಾರ್ನ್ ಮಾಡುವಂತಿಲ್ಲ. ಹಳಿಯ ಬಳಿ ಯಾರಾದರೂ ಕಂಡರೆ ಅಲ್ಲಿಯೂ ಹಾರ್ನ್ ಮಾಡಲೇಬೇಕು.

ಮೈಸೂರಿನಲ್ಲೂ ಬೇಡಿಕೆ ಇದೇ ಕ್ರಮದಲ್ಲಿ ಇರಲಿ. ಮೊದಲು ಕೆಳಸೇತುವೆ, ಪಾದಚಾರಿ ಮೇಲ್ಸೇತುವೆ, ಹಳಿಗೆ ತಡೆಗೋಡೆ. ಆಮೇಲೆ ರಾತ್ರಿಯ ಹಾರ್ನ್ ಕಡಿತ. ಬೀದಿಯ ಎರಡೂ ಅಭಿಪ್ರಾಯದವರು ಒಂದೇ ಮನವಿಗೆ ಸಹಿ ಹಾಕಬಹುದು. ನೈಋತ್ಯ ರೈಲ್ವೆಯ ಮೈಸೂರು ವಿಭಾಗೀಯ ಕಚೇರಿ ನಮ್ಮ ಊರಿನಲ್ಲೇ ಇದೆ. ರೈಲ್ವೆಯ ಸಹಾಯವಾಣಿ ಸಂಖ್ಯೆ 139. ಯಾವ ಜಾಗ, ಯಾವ ಹೊತ್ತು, ಎಷ್ಟು ಸಲ ಎಂದು ಒಂದು ವಾರ ಬರೆದಿಟ್ಟು ಕೊಡಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ಆದರೆ ಅದು ಇಡೀ ಅವಧಿಯ ಸರಾಸರಿ, ಒಂದು ಹಾರ್ನ್‌ನ ಅಳತೆಯಲ್ಲ.

ಅದೇ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳಿಗೂ ಅನ್ವಯಿಸುತ್ತದೆ. ಮಸೀದಿಗಳ ಮೈಕ್ ಬಗ್ಗೆ ರಾಜ್ಯ ವಕ್ಫ್ ಮಂಡಳಿ 2021ರಲ್ಲಿ ಸುತ್ತೋಲೆ ಹೊರಡಿಸಿದ್ದು ನಿಮಗೆ ನೆನಪಿರಬಹುದು. ನಮ್ಮ ಮನೆಯ ಮದುವೆಯ ಡಿಜೆ, ಬೀದಿಯಲ್ಲಿ ನಮ್ಮ ಬೈಕಿನ ಹಾರ್ನ್ ಇವೂ ಯಾರದೋ ನಿದ್ದೆ ಕೆಡಿಸುತ್ತವೆ. ನೆರೆಯವರ ಹಕ್ಕಿನಲ್ಲಿ ಅವರ ನಿದ್ದೆಯೂ ಸೇರಿದೆ.

ಮನೆಯಲ್ಲಿ ಇಂದೇ ಮಾಡಬಹುದಾದದ್ದು

ಮಕ್ಕಳು, ವೃದ್ಧರು, ರೋಗಿಗಳ ಹಾಸಿಗೆಯನ್ನು ಹಳಿಯಿಂದ ದೂರದ ಕೋಣೆಗೆ ಬದಲಿಸಿ. ಹಳಿಯ ಕಡೆಯ ಗೋಡೆಗೆ ಬಟ್ಟೆ ತುಂಬಿದ ಬೀರು ಇಡಿ. ಕಿಟಕಿ ಬಾಗಿಲುಗಳ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಏಕೆಂದರೆ ಸಣ್ಣ ಸಂದಿಯಲ್ಲೂ ಸದ್ದು ನುಗ್ಗುತ್ತದೆ. ಗಾಳಿಗೆ ಹಳಿಯ ಕಡೆಯದನ್ನು ಬಿಟ್ಟು ಇನ್ನೊಂದು ಬದಿಯ ಕಿಟಕಿ ತೆರೆಯಿರಿ. ಪರದೆಯೊಂದನ್ನೇ ನಂಬಬೇಡಿ, ಅದು ತಡೆಯುವ ಸದ್ದು ಬಹಳ ಕಡಿಮೆ.

ದೊಡ್ಡವರು ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಬಳಸಬಹುದು. ಶಿಶುಗಳ ಕಿವಿಗೆ ಹತ್ತಿಯನ್ನಾಗಲಿ ಪ್ಲಗ್ಗನ್ನಾಗಲಿ ಇಡಬೇಡಿ. ಇಶಾ ಆದ ಮೇಲೆ ಮೊಬೈಲ್ ಬದಿಗಿಟ್ಟು ಬೇಗ ಮಲಗಿ. ರಮಝಾನ್‌ನಲ್ಲಿ ತರಾವೀಹ್ ಮತ್ತು ಸಹರಿಯ ನಡುವಿನ ನಿದ್ದೆ ಕಡಿಮೆ. ಆಗ ಮಧ್ಯಾಹ್ನ ಅರ್ಧ ಗಂಟೆ ಮಲಗುವುದು ಒಳ್ಳೆಯದು. ಕಿವಿಯಲ್ಲಿ ಗುಂಯ್‌ಗುಡುವಿಕೆ, ಕೇಳುವುದು ಮಂದವಾಗುವುದು, ಮಗು ಸದ್ದಿಗೆ ತಿರುಗಿ ನೋಡದಿರುವುದು ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕಾಗಿಯೇ ಇದೆ.

ಕೊನೆಯದಾಗಿ, ಹತ್ತು ನಿಮಿಷ ಉಳಿಯುತ್ತದೆಂದು ಹಳಿ ದಾಟುವ ಅಡ್ಡದಾರಿಯನ್ನು ಇಂದಿನಿಂದ ಬಿಡಿ, ಮಕ್ಕಳಿಗೂ ಬಿಡಿಸಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಜೀವ ಹೋದರಂತೂ ತಿರುಗಿ ಬಾರದು. ನಿಮ್ಮ ಮಗ ಹಳಿಯ ಮೇಲೆ ಕಂಡಾಗ ಚಾಲಕರು ಹೊಡೆದ ಹಾರ್ನ್‌ಗೇ ಪಕ್ಕದ ಮನೆಯ ರೋಗಿ ಎಚ್ಚರಗೊಂಡಿರಬಹುದು. ಹಳಿ ಖಾಲಿಯಿದ್ದಷ್ಟೂ ಹಾರ್ನ್ ಕಡಿಮೆಯಾಗುತ್ತದೆ.